ಹಳೇ ಔಟ್‌ಬೋರ್ಡ್ ಇಂಜಿನ್: ಒಂದು ಕಾರ್ಬುರೇಟರ್ ಬಿಚ್ಚಿದ್ರೆ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಮಿಷಿಗನ್‌ನಲ್ಲಿದ್ದೀವಿ. ಲೇಕ್ ಪಕ್ಕದಲ್ಲಿ ಮನೆ ತಗೊಂಡಾಗ ಜೊತೆಗೆ ಒಂದು ಹಳೇ ಬೋಟೂ ಬಂತು, ಅದಕ್ಕೆ 1974ರ ಜಾನ್ಸನ್ 70 ಎಚ್‌ಪಿ ಇಂಜಿನ್, ಮೂರು ಸಿಲಿಂಡರ್, ಮೂರು ಕಾರ್ಬುರೇಟರ್. ಸ್ಟಾರ್ಟ್ ಆಗತ್ತೆ, ಐಡಲ್‌ನಲ್ಲಿ ನಿಲ್ಲತ್ತೆ, ಆದ್ರೆ ಥ್ರಾಟಲ್ ಕೊಟ್ಟ ತಕ್ಷಣ ಉಸಿರು ಕಟ್ಟಿದ ಹಾಗೆ ಆಗಿ ಆಫ್. ಆಗ ಚೋಕ್ ಕೊಟ್ರೆ ಎರಡು ಸೆಕೆಂಡ್ ಚೇತರಿಸ್ಕೊಳ್ಳತ್ತೆ. ಊರಲ್ಲಿದ್ದಾಗ ಬೈಕಿನ ಕಾರ್ಬುರೇಟರ್ ಬಿಚ್ಚಿ ಅಭ್ಯಾಸ ಇದೆ. ಇದರಲ್ಲಿ ಮೇಲಿನದು ಕೈಗೆ ಸುಲಭವಾಗಿ ಸಿಗ್ತಿದೆ, ಅದೊಂದನ್ನ ಕ್ಲೀನ್ ಮಾಡಿದ್ರೆ ಸಾಕಾ?

ಉತ್ತರ: ಸಾಕಾಗಲ್ಲ, ದಯವಿಟ್ಟು ಹಾಗೆ ಮಾಡ್ಬೇಡಿ. ಈ ಇಂಜಿನ್ನಿನಲ್ಲಿ ಒಂದೊಂದು ಕಾರ್ಬುರೇಟರ್ ಒಂದೊಂದು ಸಿಲಿಂಡರಿಗೆ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿನ ಜೊತೇಲೇ ಆಯಿಲ್ ಹೋಗ್ಬೇಕು, 50 ಲೀಟರ್ ಪೆಟ್ರೋಲಿಗೆ 1 ಲೀಟರ್. ಅಂದ್ರೆ ಒಂದು ಜೆಟ್ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು) ಕಟ್ಟಿಕೊಂಡ್ರೆ ಆ ಸಿಲಿಂಡರಿಗೆ ಪೆಟ್ರೋಲ್ ಕಮ್ಮಿ ಆಗೋದಷ್ಟೇ ಅಲ್ಲ, ಎಣ್ಣೆಯೂ ಕಮ್ಮಿ, ಮೇಲಿಂದ ಬಿಸಿಯೂ ಜಾಸ್ತಿ. ನಾನು ಬಹ್ರೇನಿನಲ್ಲಿ ಬೋಟ್ ವರ್ಕ್‌ಶಾಪಲ್ಲಿದ್ದಾಗ ಇಂಥದ್ದೇ ಮೂರು ಸಿಲಿಂಡರ್ ಇಂಜಿನ್ ಒಂದು ಬಂದಿತ್ತು, ಬೇರೆ ಯಾರೋ ಮೇಲಿನ ಎರಡನ್ನ ಕ್ಲೀನ್ ಮಾಡಿ, ಕೆಳಗಿನದಕ್ಕೆ ಕೈ ಹೋಗ್ಲಿಲ್ಲ ಅಂತ ಬಿಟ್ಟಿದ್ರು. ಆ ಕೆಳಗಿನ ಪಿಸ್ಟನ್ ಹೊರಗೆ ತೆಗೆದು ನೋಡಿದ್ರೆ ತಲೆಯ ಒಂದು ಅಂಚು ಕರಗಿ, ಮೇಣದಬತ್ತಿ ಸೋರಿದ ಹಾಗೆ ಇತ್ತು. ಈಗ್ಲೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಚೋಕ್ ಕೊಟ್ಟಾಗ ಚೇತರಿಸ್ಕೊಳ್ಳತ್ತೆ ಅಂದ್ರಲ್ಲ, ಚೋಕ್ ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಎಳೆಸತ್ತೆ, ಹಾಗಾಗಿ ಪೆಟ್ರೋಲ್ ಸಾಲ್ತಿಲ್ಲ ಅನ್ನೋದಕ್ಕೆ ಅದು ಒಳ್ಳೇ ಗುರುತು. ಆದ್ರೂ ಸ್ಪಾನರ್ ಹಿಡಿಯೋ ಮೊದ್ಲು ಮೂರೂ ಪ್ಲಗ್ ತೆಗೆದು ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ, ಮೂರೂ ಹತ್ತಿರ ಹತ್ತಿರ ಇರ್ಬೇಕು, ಒಂದು ತೀರಾ ಕಮ್ಮಿ ಬಂದ್ರೆ ತೊಂದ್ರೆ ಕಾರ್ಬುರೇಟರಿಂದು ಮಾತ್ರ ಅಲ್ಲ. ಸ್ಪಾರ್ಕೂ ನೋಡ್ಬಿಡಿ. ಟ್ಯಾಂಕಿಂದ ಬರೋ ಪೈಪು, ಕೈಯಲ್ಲಿ ಒತ್ತೋ ಬಲ್ಬು ಗಟ್ಟಿಯಾಗಿದ್ರೆ ಅದನ್ನೂ ಬದಲಿಸಿ, ನಿಮ್ಮ ಕಡೆ ಪೆಟ್ರೋಲಿನಲ್ಲಿ ಎಥನಾಲ್ ಬರತ್ತೆ, ಹಳೇ ರಬ್ಬರಿಗೆ ಅದು ಆಗಲ್ಲ.

ಇನ್ನು ಬಿಚ್ಚೋದು. ಬ್ಯಾಟರಿ ವೈರ್ ತೆಗೆದಿಡಿ, ಗಾಳಿ ಆಡೋ ಜಾಗದಲ್ಲಿ ಮಾಡಿ, ಪೆಟ್ರೋಲ್ ಸುರಿಯೋದಂತೂ ಗ್ಯಾರಂಟಿ. ಮೊದ್ಲು ಎಲ್ಲಾ ಕಡೆಯಿಂದ ಫೋಟೋ ತಗೊಳ್ಳಿ, ಮುಖ್ಯವಾಗಿ ಚೋಕ್ ಮತ್ತೆ ಥ್ರಾಟಲ್ ಕಡ್ಡಿಗಳು ಯಾವ ತೂತಲ್ಲಿ ಕೂತಿವೆ ಅಂತ. ಮುಂದೆ ಇರೋ ಏರ್ ಬಾಕ್ಸ್ ಬಿಚ್ಚಿದ್ರೆ ಮೂರೂ ಒಂದರ ಕೆಳಗೊಂದು ಕಾಣತ್ತೆ. ಕಡ್ಡಿಗಳ ಪ್ಲಾಸ್ಟಿಕ್ ಕ್ಲಿಪ್‌ಗೆ ಐವತ್ತು ವರ್ಷ ವಯಸ್ಸಾಗಿದೆ, ತಣ್ಣಗಿದ್ದಾಗ ಎಳೆದ್ರೆ ಪಟ್ ಅಂತ ಮುರಿಯತ್ತೆ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಎರಡು ನಿಮಿಷ ಸುತ್ತಿಟ್ಟು ಆಮೇಲೆ ಬಿಡಿಸಿ. ಪೆಟ್ರೋಲ್ ಪೈಪನ್ನ ಇಕ್ಕಳದಲ್ಲಿ ಹಿಡಿದು ಜಗ್ಗಬೇಡಿ, ಒಳಗಿನ ನಿಪ್ಪಲ್ಲೇ ಕಿತ್ತು ಬರಬಹುದು. ಬ್ಲೇಡಲ್ಲಿ ಉದ್ದಕ್ಕೆ ಸೀಳಿ ತೆಗೆದು ಹೊಸ ಪೈಪ್ ಹಾಕಿ, ಹೇಗೂ ಬದಲಿಸಲೇಬೇಕು.

ಒಂದೊಂದಕ್ಕೂ ಎರಡು ನಟ್. ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ಒಳಬದಿ ನಟ್‌ಗೆ ಸಾಕೆಟ್ ಕೂರಲ್ಲ, ಓಪನ್ ಸ್ಪಾನರಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸ್ಬೇಕು, ತಾಳ್ಮೆ ಬೇಕು, ಕೆಳಗೆ ಒಂದು ಬಟ್ಟೆ ಹಾಸಿ, ಬಿದ್ದ ನಟ್ ಹುಡುಕೋಕೆ ಅರ್ಧ ದಿನ ಹೋಗತ್ತೆ. ನಟ್ ತೆಗೆದ್ರೂ ಕಾರ್ಬುರೇಟರ್ ಗ್ಯಾಸ್ಕೆಟ್ಟಿಗೆ ಕಚ್ಚಿಕೊಂಡಿರತ್ತೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ರೆ ಮುಖ ಗೀರು ಬಿದ್ದು ಆಮೇಲೆ ಗಾಳಿ ಎಳೆಯತ್ತೆ, ಮರದ ಹಿಡಿಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ತಾನೇ ಬಿಡತ್ತೆ. ಹೊರಗೆ ಬಂದ ತಕ್ಷಣ ಮ್ಯಾನಿಫೋಲ್ಡ್ ತೂತಿಗೆ ಟೇಪ್ ಹಚ್ಚಿ, ಅದರ ಹಿಂದೆ ರೀಡ್ ವಾಲ್ವ್ (ಒಳಗೆ ಹೋದದ್ದು ವಾಪಸ್ ಬರದ ಹಾಗೆ ತಡೆಯೋ ತೆಳು ಎಸಳುಗಳು) ಇದೆ, ಅಲ್ಲಿಗೆ ಒಂದು ವಾಷರ್ ಬಿದ್ರೂ ಕಷ್ಟ. ಮೇಲಿನದು, ನಡುವಿನದು, ಕೆಳಗಿನದು ಅಂತ ಬರೆದು ಬೇರೆ ಬೇರೆ ತಟ್ಟೆಯಲ್ಲಿ ಇಡಿ, ಒಂದರ ಜೆಟ್ ಇನ್ನೊಂದಕ್ಕೆ ಹೋಗ್ಬಾರ್ದು.

ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲೋ ಬೌಲ್ ಬಿಚ್ಚಿದಾಗ ತಳದಲ್ಲಿ ಜೋನಿಬೆಲ್ಲ ಒಣಗಿ ಹಿಡಿದ ಹಾಗೆ ಕಂದು ಅಂಟು ಕಾಣತ್ತೆ, ವರ್ಷಗಟ್ಟಲೆ ನಿಂತ ಪೆಟ್ರೋಲ್ ಅದು. ದೊಡ್ಡ ಜೆಟ್ ಬೌಲಿನ ಕೆಳಗಡೆ ಸ್ಕ್ರೂ ತೆಗೆದ್ರೆ ಒಳಗೆ ಸಿಗತ್ತೆ, ಹಿತ್ತಾಳೆದು, ಮೆತ್ತಗಿರತ್ತೆ, ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಇಲ್ಲದಿದ್ರೆ ಮುಟ್ಟಬೇಡಿ. ತೆಗೆದು ಬೆಳಕಿಗೆ ಹಿಡಿದು ನೋಡಿ, ತೂತು ದುಂಡಗೆ ಸ್ವಚ್ಛವಾಗಿ ಕಾಣ್ಬೇಕು. ತಂತಿ ಹಾಕಿ ಚುಚ್ಚಬೇಡಿ, ಒಂದು ಕೂದಲೆಳೆಯಷ್ಟು ತೂತು ದೊಡ್ಡದಾದ್ರೂ ಲೆಕ್ಕ ತಪ್ಪತ್ತೆ. ಕ್ಲೀನರಲ್ಲಿ ನೆನೆಸಿ ಗಾಳಿ ಹೊಡೀರಿ. ನೆನೆಸೋ ಮೊದ್ಲು ಫ್ಲೋಟ್ (ಬೌಲಲ್ಲಿ ತೇಲೋ ತುಂಡು), ನೀಡಲ್ (ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ನಿಲ್ಲಿಸೋ ಮೊನೆ), ಪ್ಲಾಸ್ಟಿಕ್ ಎಲ್ಲಾ ಹೊರಗೆ ಬರ್ಲಿ.

ವಾಪಸ್ ಜೋಡಿಸುವಾಗ ಗ್ಯಾಸ್ಕೆಟ್, ನೀಡಲ್ ಹೊಸದು ಹಾಕಿ. ಬಾಡಿ ತಲೆಕೆಳಗೆ ಹಿಡಿದಾಗ ಫ್ಲೋಟ್ ಅಂಚಿಗೆ ಸಮಾನಾಂತರ ನಿಲ್ಲಬೇಕು. ಕೊನೆಗೆ, ತುಂಬಾ ಜನ ಮರೆಯೋದು ಇದನ್ನೇ, ಥ್ರಾಟಲ್ ಕಡ್ಡಿಯ ಸ್ಕ್ರೂ ಸಡಿಲಿಸಿ ಮೂರೂ ಚಿಟ್ಟೆಗಳು (ಗಾಳಿ ದಾರಿ ತೆರೆದು ಮುಚ್ಚೋ ದುಂಡು ತಟ್ಟೆಗಳು) ಪೂರ್ತಿ ಮುಚ್ಚಿಕೊಳ್ಳೋಕೆ ಬಿಟ್ಟು ಆಮೇಲೆ ಬಿಗಿ ಮಾಡಿ, ಮೂರೂ ಒಟ್ಟಿಗೆ ತೆರೀಬೇಕು. ಸ್ಟಾರ್ಟ್ ಮಾಡೋ ಮೊದ್ಲು ಬಲ್ಬ್ ಒತ್ತಿ, ಎಲ್ಲಾದ್ರೂ ಸೋರತ್ತಾ ನೋಡಿ. ನೀರಿಲ್ಲದೆ ಒಂದು ಕ್ಷಣವೂ ಓಡಿಸ್ಬೇಡಿ, ಇಂಜಿನ್ ತಣ್ಣಗಿಡೋ ನೀರಿನ ಪಂಪಿನ ರಬ್ಬರ್ ಸುಟ್ಟುಹೋಗತ್ತೆ.

ಪ್ರಶ್ನೆ: ಉಪ್ಪುಂದದಿಂದ ಬರೀತಿದ್ದೇನೆ. ನಮ್ಮದು ನಾಡದೋಣಿ, ಸೀಮೆಎಣ್ಣೆ ಇಂಜಿನ್. ನಾಲ್ಕು ತಿಂಗಳು ಶೆಡ್ಡಲ್ಲಿತ್ತು, ಜೂನ್ 1ಕ್ಕೆ ಮಳೆಗಾಲದ ನಿಷೇಧ ಬಂದು ಟ್ರಾಲ್ ಬೋಟ್ ನಿಂತ್ರೆ ನಮ್ಮ ಸೀಸನ್ ಶುರು, ಈಗ ನೋಡಿದ್ರೆ ಎಷ್ಟು ಹಗ್ಗ ಎಳೆದ್ರೂ ಸ್ಟಾರ್ಟ್ ಆಗ್ತಾ ಇಲ್ಲ. ಕಾರ್ಬುರೇಟರ್ ಪೂರ್ತಿ ಬಿಚ್ಚಬೇಕಾ?

ಉತ್ತರ: ಈಗಲೇ ಬೇಡ ಮಾರಾಯ್ರೆ. ಕೊನೇ ದಿನ ಸೀಮೆಎಣ್ಣೆಯಲ್ಲೇ ಬಂದ್ ಮಾಡಿರ್ಬೇಕು, ಬೌಲಲ್ಲಿ ಅದೇ ಉಳಿದಿದೆ, ತಣ್ಣಗಿನ ಇಂಜಿನ್ ಸೀಮೆಎಣ್ಣೆಗೆ ಹತ್ತಲ್ಲ, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ್ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗ್ಲಾಸಿಗೆ ಇಳಿಸಿ ನೋಡಿ, ತಳದಲ್ಲಿ ನೀರಿನ ಗುಳ್ಳೆ ಅಥವಾ ತುಕ್ಕಿನ ಪುಡಿ ಕಂಡ್ರೆ ಆಗ ಬಿಚ್ಚೋದೇ ಸರಿ, ಟ್ಯಾಂಕೂ ತೊಳೀಬೇಕು. ಬರೀ ಸೀಮೆಎಣ್ಣೆ ಬಂದ್ರೆ ಪೂರ್ತಿ ಇಳಿಸಿ, ಹೊಸ ಪೆಟ್ರೋಲ್ ತುಂಬಿ, ಪ್ಲಗ್ ಒಣಗಿಸಿ ಎಳೀರಿ. ಇನ್ನು ಮುಂದೆ ದಡಕ್ಕೆ ಬರೋ ಮೊದ್ಲೇ ಪೆಟ್ರೋಲಿಗೆ ತಿರುಗಿಸಿ, ಪೈಪಲ್ಲಿರೋ ಸೀಮೆಎಣ್ಣೆ ಪೂರ್ತಿ ಉರಿದು ಹೋಗೋ ತನಕ ಓಡಿಸಿ ಆಮೇಲೆ ಬಂದ್ ಮಾಡಿ.