ಹಳ್ಳದ ಬಿಳಿ ಲಿಲ್ಲಿ, ಬದುವಿನ ಗುಲಾಬಿ ಗೆರೆಯ ಲಿಲ್ಲಿ: ಎರಡೂ ಒಂದೇ ಗಿಡವಾ?

ಹಳ್ಳದ ದಂಡೆಯ ಬಿಳಿ ಹೂವು, ಮಳೆ ಬಿದ್ದ ಮೇಲೆ ಬದುವಿನಲ್ಲಿ ಏಳುವ ಗುಲಾಬಿ ಗೆರೆಯ ಹೂವು ಎರಡೂ ಒಂದೇನಾ, ಹಳ್ಳದ ಗೆಡ್ಡೆ ಕಿತ್ತು ಮನೆಗೆ ತರಬಹುದಾ ಅಂತ ಕೇಳಿದ್ದೀರಿ. ನೀವು ಹೇಳಿದ ಲಕ್ಷಣ ನೋಡಿದರೆ ಇವು ಕ್ರೈನಮ್ ಕುಲದ ಎರಡು ಬೇರೆ ಜಾತಿಗಳು. ಹಳ್ಳದ್ದು ಕ್ರೈನಮ್ ವಿವಿಪಾರಮ್. ಹಳೆಯ ಪುಸ್ತಕಗಳಲ್ಲಿ ಹುಡುಕುವುದಾದರೆ ಕ್ರೈನಮ್ ಡಿಫಿಕ್ಸಮ್ ಅಂತ ನೋಡಿ. ಬದುವಿನದ್ದು ಕ್ರೈನಮ್ ಲ್ಯಾಟಿಫೋಲಿಯಮ್, 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು.

ಬಣ್ಣಕ್ಕಿಂತ ಆಕಾರ ನಂಬಿ. ಹಳ್ಳದ ಹೂವಿನ ಎಸಳುಗಳು ಕಿರಿದಾಗಿ, ಒಂದಕ್ಕೊಂದು ತಾಗದೆ ಹರಡಿಕೊಂಡಿರುತ್ತವೆ. ನೇರಳೆ ಛಾಯೆಯ ಕೇಸರದ ಎಳೆಗಳು ಸುತ್ತಲೂ ಚಾಚಿರುತ್ತವೆ. ಲ್ಯಾಟಿಫೋಲಿಯಮ್‌ನಲ್ಲಿ ಅಗಲ ಎಸಳುಗಳು ಕೂಡಿಕೊಂಡು ಆಲಿಕೆಯ ಆಕಾರ ಬರುತ್ತದೆ. ಅದರ ಕೊಳವೆಯೇ ಬಾಗಿರುವುದರಿಂದ ಹೂವು ಪಕ್ಕಕ್ಕೆ ವಾಲುತ್ತದೆ, ಕೇಸರಗಳೆಲ್ಲ ಕೆಳಗಿನ ಎಸಳಿನ ಕಡೆಗೇ ಗುಂಪಾಗಿ ಬಾಗುತ್ತವೆ. ಇದೊಂದನ್ನು ಗಮನಿಸಿದರೆ ಸಾಕು, ಗೆರೆ ಮಸುಕಾಗಿದ್ದರೂ ಗುರುತು ತಪ್ಪುವುದಿಲ್ಲ. ಹೂವಿಲ್ಲದ ಕಾಲದಲ್ಲಿ ಎಲೆ ನೋಡಿ: ಹಳ್ಳದ್ದು ಕಿರಿದು, ನಡುವೆ ಕಾಲುವೆಯಂತೆ ತಗ್ಗು, ಬದುವಿನದ್ದು ಅಗಲ.

ಮನೆಯಂಗಳದಲ್ಲಿ ಗಾಢ ಕೆಂಪು ಪಟ್ಟೆಯದ್ದು ಕಂಡರೆ ಅದು ಬಹುಶಃ ಮೂರನೆಯದೇ, ಕ್ರೈನಮ್ ಜೆಲಾನಿಕಮ್.

ಗೆಡ್ಡೆಯನ್ನು ಮಾತ್ರ ದಯವಿಟ್ಟು ಕೀಳಬೇಡಿ. ಮರಳು ತೆಗೆದು, ದಂಡೆಗೆ ಕಾಂಕ್ರೀಟ್ ಕಟ್ಟಿ ಈ ಗಿಡದ ಜಾಗ ಮೊದಲೇ ಕಿರಿದಾಗಿದೆ. ಕೀಳುವ ಅಗತ್ಯವೂ ಇಲ್ಲ, ಬೀಜದಿಂದ ಇಷ್ಟು ಸಲೀಸಾಗಿ ಬರುವ ಗೆಡ್ಡೆಗಿಡ ನಾನು ಬೇರೆ ಕಂಡಿಲ್ಲ. ಕಾಯಿ ಬಲಿತಾಗ ಒಳಗೆ ಹಸಿರು, ದಪ್ಪ, ಅಂಕುಡೊಂಕಾದ ಬೀಜ ಸಿಗುತ್ತದೆ. ಅದಕ್ಕೆ ಗಟ್ಟಿ ಸಿಪ್ಪೆ ಇಲ್ಲ, ಬೇಕಾದ ನೀರು ಅದರೊಳಗೇ ಇದೆ. ಮೇಜಿನ ಮೇಲೆ ಸುಮ್ಮನೆ ಇಟ್ಟ ಬೀಜವೂ ಮೊಳೆತದ್ದನ್ನು ನೋಡಿದ್ದೇನೆ: ಮೊದಲು ದಪ್ಪನೆಯ ಬಿಳಿ ಮೊಳಕೆ ಕೆಳಮುಖವಾಗಿ ಇಳಿಯುತ್ತದೆ, ಅದರ ತುದಿ ಉಬ್ಬಿ ಪುಟ್ಟ ಗೆಡ್ಡೆಯಾಗುತ್ತದೆ, ಎಲೆ ಆಮೇಲೆ. ಹಾಗಾಗಿ ಒಣಗಿಸಿ ಡಬ್ಬಿಯಲ್ಲಿಡಲು ಹೋಗಬೇಡಿ. ಹಸಿಯಾಗಿರುವಾಗಲೇ ಒದ್ದೆ ಮಣ್ಣಿನ ಮೇಲಿಡಿ, ಹೂಳಬೇಡಿ. ಹೂವಿಗೆ ಕೆಲವು ವರ್ಷ ಕಾಯಬೇಕು.

ನೆಡುವ ಜಾಗ ಯೋಚಿಸಿ ಆರಿಸಿ. ಗೆಡ್ಡೆ ಈರುಳ್ಳಿಯ ಹಾಗೆ ಪದರಪದರವಾಗಿದ್ದರೂ ಎರಡು ಜಾತಿಯಲ್ಲೂ ಲೈಕೋರಿನ್ ಎಂಬ ವಿಷವಿದೆ. ತಿಂದರೆ ವಾಂತಿ ಶುರುವಾಗುತ್ತದೆ. ಈರುಳ್ಳಿ ಮಡಿಯ ಹತ್ತಿರ ಬೇಡ, ಮಕ್ಕಳ ಕೈಗೆ, ದನದ ಬಾಯಿಗೆ ಸಿಗುವ ಕಡೆಯೂ ಬೇಡ.