ಕಾಡತೂಸಿನ ಕತ್ತು ಹಿಗ್ಗಿಸಿದರೆ ಸೀಳುವುದಿಲ್ಲವೇ?

ಪ್ರಶ್ನೆ: ಸರ್, ನಮಸ್ಕಾರ. ಅಮೆರಿಕದವರು ರೈಫಲ್ ಕಾಡತೂಸಿನ ಖಾಲಿ ಹಿತ್ತಾಳೆ ಕೇಸ್ ತೆಗೆದುಕೊಂಡು, ಗುಂಡು ಕೂರುವ ಅದರ ಕತ್ತು ಹಿಗ್ಗಿಸಿ, ದಪ್ಪ ಗುಂಡು ಕೂರಿಸುವ ವಿಡಿಯೋ ನೋಡಿದೆ. ಫೌಜಿನಲ್ಲಿದ್ದ ನಮ್ಮ ಕಾಕಾ 'ಹಿತ್ತಾಳೆ ಸೀಳುತ್ತದೆ' ಅಂತಾರೆ. ನಿಜವೇ? ದೊಡ್ಡ ಕಾಡತೂಸನ್ನೇ ಕೊಳ್ಳಬಹುದಲ್ಲ? ನಾವೂ ಮಾಡಬಹುದಾ?
– ಓದುಗರು, ಬೈಲಹೊಂಗಲ

ಉತ್ತರ: ನಿಮ್ಮ ಕಾಕಾ ಹೇಳಿದ್ದರಲ್ಲಿ ಹುರುಳಿದೆ. ಹಿತ್ತಾಳೆಯನ್ನು ತಣ್ಣಗಿರುವಾಗ ಹಿಗ್ಗಿಸಿದಷ್ಟೂ ಅದು ಗಡುಸಾಗುತ್ತದೆ, ಒಳಗೆ ಬಿಗುವು ಉಳಿಯುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಇದು ದೊಡ್ಡ ತಲೆನೋವಾಗಿತ್ತು: ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಕಾಡತೂಸುಗಳು, ಯಾರೂ ಮುಟ್ಟದಿದ್ದರೂ, ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ಮಳೆಗಾಲದ ತೇವ, ಹಿತ್ತಾಳೆಯೊಳಗಿನ ಬಿಗುವು ಮೂರೂ ಸೇರಿ ಹೀಗಾಗುತ್ತದೆ ಅಂತ 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಬಿಗುವು ಇಳಿಸುವ ದಾರಿ ಹಳೆಯದೇ. ಕೊಡ ಬಡಿಯುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುತ್ತಾರಲ್ಲ, ಹಾಗೆ ಕೇಸಿನ ಕತ್ತು, ಅದರ ಕೆಳಗೆ ಇಳಿಜಾರಾಗಿ ಅಗಲವಾಗುವ ಭುಜ ಇಷ್ಟನ್ನೇ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಬುಡಕ್ಕೆ ಮಾತ್ರ ಕಾವು ತಾಗಬಾರದು, ಒತ್ತಡ ತಡೆಯುವುದು ಆ ಗಡುಸು ಬುಡವೇ.

ದೊಡ್ಡದನ್ನೇ ಕೊಳ್ಳಬಹುದಲ್ಲ ಅಂದಿರಿ. ಕೊಳ್ಳಬಹುದು, ಆದರೆ ಆಗ ರೈಫಲ್ಲೇ ಬೇರೆ ಬೇಕಾಗಬಹುದು. ಬುಡ ಅದೇ ಇದ್ದರೆ ಕಾಡತೂಸನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್, ಕಾಡತೂಸು ತುಂಬಿಡುವ ಮ್ಯಾಗಜಿನ್ ಹಳೆಯವೇ ಸಾಕು, ನಳಿಗೆ ಬದಲಿಸಿದರೆ ಮುಗಿಯಿತು. ಅಮೆರಿಕದ ಸೈನ್ಯದ 1906ರ ಕಾಡತೂಸು ತರ್ಟಿ-ಆಟ್-ಸಿಕ್ಸ್. ಅದರ ಕತ್ತನ್ನೇ ಹಿಗ್ಗಿಸಿ 1922ರಲ್ಲಿ .35 ವೀಲನ್ ಅನ್ನೋ ಕಾಡತೂಸು ಮಾಡಿದರು. ಗುಂಡಿನ ವ್ಯಾಸ 7.8 ಮಿಮೀ ಇದ್ದದ್ದು 9.1 ಆಯಿತು. ಸ್ವಲ್ಪ ಅನ್ನಿಸುತ್ತೆ, ಅಲ್ವಾ? ಆದರೆ ಗುಂಡಿನ ಹಿಂಭಾಗದ ವಿಸ್ತೀರ್ಣ ಶೇ. 35ರಷ್ಟು ಜಾಸ್ತಿಯಾಗುತ್ತದೆ. ಅನಿಲ ತಳ್ಳುವುದು ಅಲ್ಲೇ, ಹಾಗಾಗಿ ಅದೇ ಮದ್ದು, ಅದೇ ತೂಕದ ಗುಂಡಾದರೆ ಒತ್ತಡ ಇಳಿಯುತ್ತದೆ, ಭಾರದ ಗುಂಡಿಗೂ ಅವಕಾಶ ಸಿಗುತ್ತದೆ. ಹೀಗೆ ಕಾರ್ಖಾನೆಯ ಅಳತೆಯಿಲ್ಲದೆ ಹುಟ್ಟಿದ್ದಕ್ಕೆ ಅಲ್ಲಿ ವೈಲ್ಡ್‌ಕ್ಯಾಟ್ ಅಂತಾರೆ. ವೀಲನ್ ಅನ್ನು 1980ರ ದಶಕದ ಕೊನೆಯಲ್ಲಿ ರೆಮಿಂಗ್ಟನ್ ಕಂಪನಿಯೇ ತಯಾರಿಸತೊಡಗಿತು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಸೀಳುವ ಕತ್ತಲ್ಲ, ಸಣ್ಣಗಾಗುವ ಭುಜ. ಇಂಥ ಕೇಸ್ ನಳಿಗೆಯೊಳಗೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆ ಭುಜವೇ ಹಿಡಿದಿಡುತ್ತದೆ. ಕತ್ತು ಹಿಗ್ಗಿದಷ್ಟೂ ಭುಜ ಕಿರಿದು. ಅದು ಸರಿಯಾಗಿ ಆನಿಕೊಳ್ಳದಿದ್ದರೆ ಹಾರಿಸಿದಾಗ ಕೇಸ್ ಬುಡದ ಹತ್ತಿರ ಹರಿದು ಬಿಸಿ ಅನಿಲ ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೇ ನುಗ್ಗಬಹುದು. ಕಾರ್ಖಾನೆಯ ಕಾಡತೂಸಿಗೆ ಪರೀಕ್ಷೆ ಮಾಡಿದ ಒತ್ತಡದ ಮಿತಿ ಇರುತ್ತದೆ. ವೈಲ್ಡ್‌ಕ್ಯಾಟ್‌ಗೆ ಎಷ್ಟೋ ಸಲ ಅದೂ ಇರುವುದಿಲ್ಲ.

ನಾವೂ ಮಾಡಬಹುದಾ ಅಂದಿರಿ. ದಯವಿಟ್ಟು ಸುಮ್ನೆ ಕುತೂಹಲಕ್ಕೂ ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಅದಕ್ಕೆಂದೇ ಇರುವ ಲೈಸೆನ್ಸ್ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು, ಜೀವಾವಧಿಯೂ ಆಗಬಹುದು.