ವಾಲಿಗಾಗಿ ಮರುಗಿದರೆ ವಾಲಿ ಮಾಡಿದ್ದನ್ನು ಒಪ್ಪಿದ ಹಾಗೆಯೇ?

ನೀವು ಕೇಳಿದ್ದು ಇದು: ಕತೆಯಲ್ಲಿ ಕಣ್ಣಿಗೆ ಕಾಣುವಂತೆ ತಪ್ಪು ಮಾಡಿದ ಪಾತ್ರದ ಪರವಾಗಿಯೂ ಅಭಿಮಾನಿಗಳು ಕಣ್ಣೀರು ಹಾಕುತ್ತಾರೆ, ಜಗಳಕ್ಕೂ ನಿಲ್ಲುತ್ತಾರೆ, ಅವನ ಕಣ್ಣಿಂದ ಕತೆ ನೋಡಿದರೆ ಅವನು ಮಾಡಿದ್ದನ್ನೆಲ್ಲ ಒಪ್ಪಿಕೊಂಡ ಹಾಗೆ ಆಗುವುದಿಲ್ಲವೇ?

ಆಗಬೇಕಾಗಿಲ್ಲ. ಆದರೆ ತುಂಬ ಸಲ ಆಗುತ್ತದೆ. ಎರಡನ್ನೂ ನಾನು ಕಂಡದ್ದು ತಾಳಮದ್ದಳೆಯಲ್ಲಿ, ಅದೂ ವಾಲಿಯ ವಿಷಯದಲ್ಲಿ. ಹಾಗಾಗಿ ಅದನ್ನೇ ಹೇಳುತ್ತೇನೆ.

ತಾಳಮದ್ದಳೆ ನೋಡದವರಿಗೆ ಎರಡು ಮಾತು. ಯಕ್ಷಗಾನದಿಂದ ವೇಷ, ಬಣ್ಣ, ಕುಣಿತ ತೆಗೆದು ಹಾಡು ಮತ್ತು ಮಾತನ್ನಷ್ಟೇ ಉಳಿಸಿಕೊಂಡರೆ ತಾಳಮದ್ದಳೆ. ನಮ್ಮ ದಕ್ಷಿಣ ಕನ್ನಡದಲ್ಲಿ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ಇದರ ಕೂಟಗಳು ಹೆಚ್ಚು. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಪದ ಮುಗಿದ ಕೂಡಲೇ, ಬಿಳಿ ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಆ ಪಾತ್ರವೇ ಆಗಿ ಮಾತಾಡುತ್ತಾರೆ. ಪದ ಪುಸ್ತಕದಲ್ಲಿದೆ. ಮಾತು ಎಲ್ಲಿಯೂ ಬರೆದಿಟ್ಟಿಲ್ಲ. ರಾಮಾಯಣದ ಪ್ರಸಂಗಗಳನ್ನು ಬರೆದ ಕುಂಬಳೆಯ ಪಾರ್ತಿಸುಬ್ಬ ವಾಲಿಗೆ ಕೊಟ್ಟದ್ದು ಹಾಡುವ ಪದಗಳನ್ನು ಮಾತ್ರ. ಆ ಪದಗಳ ಮೇಲೆ ವಾಲಿಯ ಮನಸ್ಸನ್ನು ಕಟ್ಟಬೇಕಾದವರು ಆ ರಾತ್ರಿಯ ಅರ್ಥಧಾರಿ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧ (ಜರಾಸಂಧ) ಮುಂತಾದ ಪ್ರತಿನಾಯಕರಿಗೆ ಬಾಯಿ ಕೊಟ್ಟೇ ಮನೆಮಾತಾದವರು. ಇವತ್ತು ವಾಲಿಯ ಅರ್ಥ ಹೇಳಿದವರು ಮುಂದಿನ ವಾರ ಇನ್ನೊಂದು ಊರಿನ ಕೂಟದಲ್ಲಿ ರಾಮನ ಅರ್ಥ ಹೇಳುವುದೂ ಉಂಟು. ಎರಡು ಕಡೆಯೂ ಅವರು ಸುಳ್ಳು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ವಾಲಿಯ ಕತೆ. ಮಾಯಾವಿ ಎಂಬ ರಾಕ್ಷಸನನ್ನು ಅಟ್ಟಿಸಿಕೊಂಡು ವಾಲಿ ಗುಹೆಗೆ ನುಗ್ಗುತ್ತಾನೆ. ತಮ್ಮ ಸುಗ್ರೀವ ಬಾಗಿಲಲ್ಲಿ ಕಾಯುತ್ತಾನೆ. ವರ್ಷ ಕಳೆಯುತ್ತದೆ. ಒಳಗಿಂದ ನೊರೆನೊರೆಯಾಗಿ ರಕ್ತ ಹರಿದು ಬರುತ್ತದೆ, ರಾಕ್ಷಸರ ಅಬ್ಬರ ಕೇಳುತ್ತದೆ, ಅಣ್ಣನ ದನಿ ಕೇಳುವುದಿಲ್ಲ. ಅಣ್ಣ ಸತ್ತನೆಂದು ತಿಳಿದು ಸುಗ್ರೀವ ಗುಹೆಯ ಬಾಯಿಗೆ ಬಂಡೆ ಮುಚ್ಚಿ ಹಿಂದಿರುಗುತ್ತಾನೆ. ಮಂತ್ರಿಗಳು ಅವನಿಗೆ ಪಟ್ಟ ಕಟ್ಟುತ್ತಾರೆ. ಗೆದ್ದು ಬಂದ ವಾಲಿಗೆ ಕಂಡದ್ದು ಮುಚ್ಚಿದ ಬಾಗಿಲು, ತನ್ನ ಸಿಂಹಾಸನದಲ್ಲಿ ತಮ್ಮ. ಅವನನ್ನು ಉಟ್ಟ ಬಟ್ಟೆಯಲ್ಲೇ ಹೊರಹಾಕುತ್ತಾನೆ, ಅವನ ಹೆಂಡತಿ ರುಮೆಯನ್ನು ಇಟ್ಟುಕೊಳ್ಳುತ್ತಾನೆ. ಮುಂದೆ ಸುಗ್ರೀವನೊಡನೆ ಕಾದಾಡುತ್ತಿದ್ದಾಗ ರಾಮ ಮರೆಯಿಂದ ಬಿಟ್ಟ ಬಾಣಕ್ಕೆ ಬೀಳುತ್ತಾನೆ.

ಬಿದ್ದವನು ಸುಮ್ಮನೆ ಸಾಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲೇ ಆ ಪ್ರಶ್ನೆಗಳು ಎಷ್ಟು ಹರಿತವಾಗಿವೆ ನೋಡಿ. ನಾನು ಇನ್ನೊಬ್ಬನೊಡನೆ ಹೋರಾಡುತ್ತಿದ್ದೆ, ನಿನಗೇನು ಕೆಡುಕು ಮಾಡಿದ್ದೆ? ನನ್ನ ಚರ್ಮ ಉಡಲಿಕ್ಕಾಗದು, ಮಾಂಸ ತಿನ್ನಲಿಕ್ಕಾಗದು, ಏತಕ್ಕೆ ಕೊಂದೆ? ಸೀತೆ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತಲ್ಲ, ರಾವಣನ ಕೊರಳಿಗೆ ಹಗ್ಗ ಹಾಕಿ ಒಂದೇ ದಿನದಲ್ಲಿ ತಂದು ಕೊಡುತ್ತಿದ್ದೆ. ರಾಮನೂ ಉತ್ತರಿಸುತ್ತಾನೆ: ಈ ಭೂಮಿ ಇಕ್ಷ್ವಾಕುಗಳದು, ಭರತನ ಆಳ್ವಿಕೆಯಲ್ಲಿ ಧರ್ಮ ಕಾಯುವುದು ನನ್ನ ಕೆಲಸ, ತಮ್ಮ ಬದುಕಿರುವಾಗಲೇ, ಸೊಸೆಯ ಸಮಾನಳಾದ ಅವನ ಹೆಂಡತಿಯನ್ನು ಕೂಡಿದೆ, ಅದಕ್ಕೆ ಇದೇ ದಂಡ, ಬೇಟೆಗಾರ ಮರೆಯಲ್ಲಿ ನಿಲ್ಲುವುದು ತಪ್ಪಲ್ಲ.

ನನಗೆ ಆಗ ಹದಿನಾಲ್ಕು ವರ್ಷ. ಆಟಿ ತಿಂಗಳ ಮಳೆಯ ರಾತ್ರಿ, ನೆರೆಮನೆಯ ಚಾವಡಿಯಲ್ಲಿ ಕೂಟ. ನನ್ನ ಅಪ್ಪ ಒಂದು ಕಂಬಕ್ಕೆ ಒರಗಿ ಕುಳಿತಿದ್ದರು, ಅಪ್ಪಚ್ಚಿ, ಅಂದರೆ ಅಪ್ಪನ ತಮ್ಮ, ಇನ್ನೊಂದು ಕಂಬದ ಹತ್ತಿರ. ಆಸ್ತಿ ಪಾಲಾದ ಮೇಲೆ ಅವರಿಬ್ಬರಿಗೆ ಮಾತಿರಲಿಲ್ಲ. ಅಡಿಕೆ ತೋಟದ ಕೆರೆಯ ನೀರು ಯಾರಿಗೆ ಎಷ್ಟು ಹೊತ್ತು ಎಂಬಲ್ಲಿ ಶುರುವಾದದ್ದು ಎಲ್ಲೆಲ್ಲಿಗೋ ಹೋಗಿತ್ತು. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ವಾಲಿಯ ಅರ್ಥಧಾರಿ, ವರ್ಷವಿಡೀ ಹೋರಾಡಿ ಬಂದವನು ಬಂಡೆಯ ಒಳಗಿಂದ "ತಮ್ಮಾ, ತಮ್ಮಾ" ಎಂದು ಕರೆಯುವುದನ್ನು ಹೇಳುವಾಗ ಅಪ್ಪನ ಬೆರಳು ಎಲೆಯ ನಡುವೆ ನಿಂತುಬಿಟ್ಟಿತು. ಸುಣ್ಣ ಬೆರಳಲ್ಲೇ ಒಣಗಿತು. ಆ ಎಲೆಯನ್ನು ಅವರು ಕೊನೆಗೂ ಬಾಯಿಗೆ ಹಾಕಲಿಲ್ಲ. ಅದಕ್ಕೂ ಮೊದಲು, ಸುಗ್ರೀವನ ಅರ್ಥಧಾರಿ "ರಕ್ತ ಕಂಡೆ, ಅಣ್ಣನ ದನಿ ಕೇಳಲಿಲ್ಲ, ನಾನೇನು ಮಾಡಬೇಕಿತ್ತು ಹೇಳಿ" ಎಂದಾಗ ಅಪ್ಪಚ್ಚಿ ಬೈರಾಸಿನಿಂದ ಮುಖ ಒರಸಿಕೊಂಡದ್ದನ್ನೂ ನಾನು ನೋಡಿದ್ದೆ.

ಒಂದೇ ಕತೆ, ಒಂದೇ ಚಾವಡಿ. ಅಭಿಮಾನಿ ಪಾತ್ರದೊಳಗೆ ಹೋಗುವುದು ತನ್ನ ಮನೆಯ ಬಾಗಿಲಿನಿಂದಲೇ. ಅಪ್ಪ ಮರುಗಿದ್ದು ರುಮೆಯನ್ನು ಇಟ್ಟುಕೊಂಡ ವಾಲಿಗಾಗಿ ಅಲ್ಲ, ಬಾಗಿಲು ಮುಚ್ಚಿಸಿಕೊಂಡ ವಾಲಿಗಾಗಿ. ನೀವು ಕೇಳಿದ ಅಭಿಮಾನಿಗಳನ್ನೂ ಹೀಗೆ ವಿಚಾರಿಸಿ ನೋಡಿ. ಯಾವ ಪಾತ್ರ ಇಷ್ಟ ಎಂದು ಕೇಳಬೇಡಿ, ಆ ಪಾತ್ರ ಯಾವ ಗಳಿಗೆಯಲ್ಲಿ ನಿಮ್ಮದಾಯಿತು ಎಂದು ಕೇಳಿ. ಹೆಚ್ಚಿನವರು ಅವನ ತಪ್ಪಿನ ಗಳಿಗೆಯನ್ನು ಹೇಳುವುದಿಲ್ಲ, ಅವನಿಗೆ ನೋವಾದ ಗಳಿಗೆಯನ್ನು ಹೇಳುತ್ತಾರೆ.

ಅಪಾಯ ಬರುವುದು ಇದರ ನಂತರ. ಒಮ್ಮೆ ಒಳಗೆ ಹೋದ ಮೇಲೆ ಅಲ್ಲಿಂದ ಕಾಣದ್ದನ್ನೆಲ್ಲ ಇಲ್ಲವೆನ್ನುವ ಹಟ ಹುಟ್ಟುತ್ತದೆ. ವಾಲಿಯ ಅಭಿಮಾನಿಗಳೊಡನೆ ನಾನು ಎಷ್ಟೋ ಸಲ ವಾದ ಮಾಡಿದ್ದೇನೆ. ಮರೆಯ ಬಾಣ, ಮುಚ್ಚಿದ ಗುಹೆ, ಎಲ್ಲ ಬರುತ್ತದೆ. ವಾಲಿ ಸತ್ತ ಮೇಲೆ ತಾರೆ ಸುಗ್ರೀವನನ್ನು ಸೇರಲಿಲ್ಲವೇ ಎಂಬ ಮಾತೂ ಬರುತ್ತದೆ. ರುಮೆ ಬರುವುದಿಲ್ಲ. ರಾಮನ ಅಭಿಮಾನಿಗಳೂ ಕಮ್ಮಿಯಿಲ್ಲ. ಎದುರು ನಿಂತವನ ಅರ್ಧ ಬಲ ವಾಲಿಗೆ ಹೋಗುವ ವರವಿತ್ತು, ಅದಕ್ಕೇ ಮರೆಯಲ್ಲಿ ನಿಂತದ್ದು ಎನ್ನುತ್ತಾರೆ. ವಾಲ್ಮೀಕಿಯಲ್ಲಿ ರಾಮ ಕೊಡುವ ಉತ್ತರದಲ್ಲಿ ಇಂಥ ವರದ ಮಾತೇ ಇಲ್ಲ. ತಮ್ಮ ನಾಯಕನ ಮೇಲಿನ ಪ್ರೀತಿಯಿಂದ ಹಿಂದಿನವರು ಕಟ್ಟಿಕೊಟ್ಟ ಸಮರ್ಥನೆ ಅದು. ಹಲವು ಜೈನ ರಾಮಾಯಣಗಳಲ್ಲಂತೂ ವಾಲಿ ಈ ಬಾಣಕ್ಕೆ ಬೀಳುವುದೇ ಇಲ್ಲ. ರಾಜ್ಯವನ್ನು ಸುಗ್ರೀವನಿಗೆ ಬಿಟ್ಟು ದೀಕ್ಷೆ ತೆಗೆದುಕೊಂಡು ಹೋಗುತ್ತಾನೆ. ಪಾತ್ರದ ಪರವಾಗಿ ಕತೆಯನ್ನೇ ಬದಲಿಸುವುದು ಇಂದಿನ ಅಭಿಮಾನಿಗಳು ಕಂಡುಹಿಡಿದದ್ದಲ್ಲ.

ರುಮೆಯ ಮಾತು ನನ್ನನ್ನು ಬಹಳ ಕಾಡುತ್ತದೆ. ರಾಮನ ಆರೋಪ ನಿಂತಿರುವುದೇ ಅವಳಿಗಾದ ಅನ್ಯಾಯದ ಮೇಲೆ. ಆದರೂ ನಾನು ಕೇಳಿದ ಯಾವ ಕೂಟದಲ್ಲೂ ಅವಳಿಗೊಬ್ಬ ಅರ್ಥಧಾರಿ ಇರಲಿಲ್ಲ. ತಾರೆಗಾದರೂ ಮಾತಿದೆ: ಸೋತು ಓಡಿದವನು ಮತ್ತೆ ಬಂದು ಕೂಗುತ್ತಾನೆಂದರೆ ಅವನ ಹಿಂದೆ ಯಾರೋ ಇದ್ದಾರೆ, ಹೋಗಬೇಡ ಎಂದು ಗಂಡನನ್ನು ತಡೆಯುತ್ತಾಳೆ. ಗುಹೆಯ ಬಾಗಿಲಲ್ಲಿ ಒಂದು ವರ್ಷ ಕಾದವನ ಹೆಂಡತಿ ಆ ವರ್ಷ ಹೇಗೆ ಕಳೆದಳು, ಗಂಡನನ್ನು ಹೊರಹಾಕಿದ ದಿನ ಎಲ್ಲಿದ್ದಳು, ಬಾವ ಸತ್ತ ದಿನ ಅವಳಿಗೆ ಏನನ್ನಿಸಿತು, ಯಾರೂ ಹೇಳಲಿಲ್ಲ. ನಮ್ಮ ಅನುಕಂಪ ಹೆಚ್ಚಾಗಿ ಹೋಗುವುದು ಮಾತು ಸಿಕ್ಕಿದವರ ಕಡೆಗೆ. ಚೆನ್ನಾಗಿ ಮಾತಾಡುವ ತಪ್ಪಿತಸ್ಥನಿಗೆ ಸಿಗುವಷ್ಟು ಕಣ್ಣೀರು ಮಾತೇ ಇಲ್ಲದ ನೊಂದವಳಿಗೆ ಸಿಗುವುದಿಲ್ಲ. ಅಭಿಮಾನಿಗಳ ಮೇಲೆ ನನಗೆ ತಕರಾರು ಇರುವುದು ಇಲ್ಲಿ ಮಾತ್ರ.

ಆದರೆ ತಾಳಮದ್ದಳೆಯಲ್ಲಿ ಒಂದು ಕಟ್ಟು ಇದೆ. ವಾಲಿ ಎಷ್ಟು ಚೆನ್ನಾಗಿ ಪ್ರಶ್ನೆ ಹಾಕಿದರೂ ಎದುರು ಅರ್ಥಧಾರಿಯ ಉತ್ತರವನ್ನು ಕುಳಿತು ಕೇಳಲೇಬೇಕು, ಅವನೂ, ಸಭೆಯೂ. ಕೇಳಿದ ಮೇಲೂ ವಾಲಿಯ ಕಡೆಗೇ ಮನಸ್ಸು ಇದ್ದರೆ ಇರಲಿ, ಆ ಮರುಕ ಒಪ್ಪಿಗೆಯಲ್ಲ. ಉತ್ತರಕ್ಕೆ ಕಿವಿ ಮುಚ್ಚಿಕೊಂಡು ಮರುಗಿದರೆ ನೀವು ಹೆದರುವುದು ಸರಿ.

ನನ್ನ ಅಪ್ಪ ಕಿವಿ ಮುಚ್ಚಿಕೊಂಡವರೇ. ಅಂದಿನ ಕೂಟವನ್ನು ಯಾರೋ ಟೇಪ್ ಮಾಡಿದ್ದರು, ಅಪ್ಪ ಅದರ ಒಂದು ಪ್ರತಿ ಮಾಡಿಸಿಕೊಂಡರು. ಕ್ಯಾಸೆಟ್ಟಿನ ಒಂದು ಬದಿ ವಾಲಿಯ ಪ್ರಶ್ನೆಗಳಿಗೆ ಮುಗಿಯುತ್ತಿತ್ತು, ಮಗುಚಿ ಹಾಕಿದರೆ ರಾಮನ ಉತ್ತರ. ಅಡಿಕೆ ಸುಲಿಯುತ್ತ ಕೂತ ರಾತ್ರಿಗಳಲ್ಲಿ ಅಪ್ಪ ಮೊದಲ ಬದಿಯನ್ನು ಹಾಕುತ್ತಿದ್ದರು. ಮುಗಿದರೆ ಹಿಂದಕ್ಕೆ ಸುತ್ತಿ ಮತ್ತೆ ಅದನ್ನೇ. ಅವರು ಅದನ್ನು ಮಗುಚಿ ಹಾಕಿದ್ದನ್ನು ನಾನು ನೋಡಿಲ್ಲ.

ಅಪ್ಪ ಹೋದ ಮೇಲೆ, ಮನೆಯ ಕಪಾಟು ಖಾಲಿ ಮಾಡುವಾಗ ಅದು ಸಿಕ್ಕಿತು. ಮೊದಲ ಬದಿಯಲ್ಲಿ ಪೆನ್ನಿನಲ್ಲಿ ಬರೆದಿದ್ದ ಪ್ರಸಂಗದ ಹೆಸರು ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು. ಎರಡನೆಯ ಬದಿಯಲ್ಲಿ ಹೊಸದಾಗಿ ಬರೆದ ಹಾಗಿತ್ತು. ಅದನ್ನು ಹಾಕಿ ಕೇಳಿದೆ. ರಾಮನ ಉತ್ತರ ಬಂತು, ದೀರ್ಘವಾಗಿ, ಕಟುವಾಗಿ. ಆಮೇಲೆ ವಾಲಿ ಮಗ ಅಂಗದನನ್ನು ಸುಗ್ರೀವನ ಕೈಗೆ ಒಪ್ಪಿಸುವುದು ಬಂತು. ಕೊರಳಿನ ಚಿನ್ನದ ಮಾಲೆಯನ್ನು ತೆಗೆದು ತಮ್ಮನಿಗೆ ಕೊಡುತ್ತ, ನಾವಿಬ್ಬರೂ ಒಟ್ಟಿಗೆ ಸುಖವಾಗಿರುವುದು ವಿಧಿಗೆ ಬೇಡವಾಯಿತೇನೋ ಎನ್ನುತ್ತಾನೆ ವಾಲಿ. ಇದು ವಾಲ್ಮೀಕಿಯಲ್ಲೂ ಇದೆ. ನನಗೆ ಕೇಳಿದರೆ ವಾಲಿ ಅತ್ಯಂತ ದೊಡ್ಡವನಾಗಿ ಕಾಣುವ ಗಳಿಗೆ ಅದೇ. ಅಪ್ಪ ಅದನ್ನು ಆ ಮಳೆಯ ರಾತ್ರಿ ಒಂದೇ ಒಂದು ಸಲ ಕೇಳಿದ್ದರು.

ಅದನ್ನು ಫೋನಿಗೆ ಹಾಕಿಸಿಕೊಂಡು ಅಪ್ಪಚ್ಚಿಯ ಮನೆಗೆ ಹೋದೆ. ಎರಡನೆಯ ಬದಿಯನ್ನು ಮಾತ್ರ ಕೇಳಿಸಿದೆ. ಮುಗಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುರುವಿನದ್ದೂ ಹಾಕು" ಎಂದರು.